ಬಾವಿಗೆ ನೀರು ಹೊತ್ತುಕೊಂಡು ಹೋದ ದಿನ

ಕೊಡಗಿನ ಅಮ್ಮತ್ತಿ ಕಡೆಯ ಒಂದು ಮನೆ. ಬಾವಿಕಟ್ಟೆಯ ಮೇಲೆ ಬಾಟಲಿ ಇಟ್ಟುಕೊಂಡು, ಲ್ಯಾಬಿನಿಂದ ತಂದ ಶುದ್ಧ ನೀರನ್ನು ಇನ್ನೊಂದು ಖಾಲಿ ಬಾಟಲಿಗೆ ಸುರಿಯುತ್ತಿದ್ದೆ. ಜಗಲಿಯಲ್ಲಿ ಕೂತಿದ್ದ ಅಜ್ಜಿ ಸ್ವಲ್ಪ ಹೊತ್ತು ಸುಮ್ನೆ ನೋಡಿದರು. ಆಮೇಲೆ ತಡೆಯಲಾಗಲಿಲ್ಲ. "ಅಲ್ಲ ಮಗಳೇ, ನಮ್ಮ ಬಾವಿ ನೀರು ನೋಡೋಕೆ ಬಂದು ನಿಮ್ಮ ನೀರನ್ನ ಇಲ್ಲಿ ಯಾಕೆ ಸುರೀತಿದ್ದೀಯ?"

ಪ್ರಶ್ನೆ ಸರಿಯಾಗಿಯೇ ಇತ್ತು. ಇದೇ ಬಾವಿಗೆ ಮೊದಲ ಸಲ ಬಂದಾಗಲೇ ನಾವು ನೀರು ಹೊತ್ತು ತರಬೇಕಿತ್ತು. ತರಲಿಲ್ಲ. ಅದರಿಂದ ಏನೇನಾಯಿತು ಅನ್ನುವುದೇ ಈ ಪ್ರಕರಣ.

ನಾನು ಕುಶಾಲನಗರದ ಒಂದು ಸಣ್ಣ ನೀರು ಪರೀಕ್ಷಾ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ನಾಲ್ಕು ಜನ ಇದ್ದೇವೆ. ಲೋಹಗಳನ್ನು ಅಳೆಯೋಕೆ ಒಂದು ಹಳೆಯ ಎಎಎಸ್ ಯಂತ್ರ ಇದೆ. ನೀರನ್ನು ಜ್ವಾಲೆಗೆ ಸಿಂಪಡಿಸಿ, ಅದರಲ್ಲಿರುವ ಲೋಹ ಎಷ್ಟು ಬೆಳಕನ್ನು ಹೀರುತ್ತದೆ ಅಂತ ನೋಡುವ ಯಂತ್ರ. ತಾಮ್ರಕ್ಕೆ 324.8 ನ್ಯಾನೋಮೀಟರ್ ಬೆಳಕು. ಸೆಪ್ಟೆಂಬರಿನಲ್ಲಿ, ಕೈಲ್ ಮುಹೂರ್ತ ಹಬ್ಬ ಮುಗಿದ ಮರುವಾರ, ಈ ಅಜ್ಜಿಯ ಮನೆಯಿಂದ ಫೋನ್ ಬಂತು. ಮನೆಯ ಮೇಲ್ಗಡೆ ಒಂದು ಕಾಫಿ ತೋಟ. ಸಿಲ್ವರ್ ಓಕ್ ಮರಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿ. ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಅವರು ಎರಡನೇ ಸುತ್ತಿನ ಬೋರ್ಡೋ ಔಷಧಿ ಹೊಡೆಸಿದ್ದರು. ಗಾಳಿಗೆ ಅದು ಕೆಳಗೂ ಬಂದಿದೆ. ಬಾವಿ ಪಕ್ಕದ ಬಾಳೆ ಎಲೆಯ ಮೇಲೆ ತಿಳಿನೀಲಿ ಚುಕ್ಕೆಗಳು. ಮನೆಯವರಿಗೆ ಭಯ ಆಗದೆ ಇರುತ್ತದೆಯೇ?

ಕೊಡಗಿನಲ್ಲಿ ಬೋರ್ಡೋ ಬಗ್ಗೆ ಯಾರಿಗೂ ವಿವರಿಸಬೇಕಾಗಿಲ್ಲ. ಮೆಣಸಿಗೆ ಒಂದು ಪರ್ಸೆಂಟಿನದು ಅಂದರೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. 1885ರಲ್ಲಿ ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ಮಿಲಾರ್ಡೆ ಅನ್ನುವವರು ದ್ರಾಕ್ಷಿ ಬಳ್ಳಿಗೆ ಅಂತ ಹೊರತಂದ ಔಷಧಿ, ಇವತ್ತಿಗೂ ನಮ್ಮ ಮೆಣಸಿನ ಸೊರಗು ರೋಗಕ್ಕೆ ಮೊದಲು ನೆನಪಾಗೋದು ಅದೇ. ಮೈಲುತುತ್ತದಲ್ಲಿ ಇರೋದು ತಾಮ್ರ. ಹಾಗಾಗಿ ಬಾವಿಯಲ್ಲಿ ತಾಮ್ರ ಇದೆಯಾ ಅಂತ ನೋಡಬೇಕಿತ್ತು.

ನಮ್ಮ ಫೀಲ್ಡ್ ಹುಡುಗ ಹೋಗಿ ಆರು ಬಾವಿಗಳ ನೀರು ತಂದ. ಅಜ್ಜಿಯ ಬಾವಿ, ಸುತ್ತಲಿನ ನಾಲ್ಕು ಮನೆಯವು, ಆಚೆ ದಿಣ್ಣೆಯ ಶಾಲೆಯದು ಒಂದು. ಸುತ್ತಲಿನವನ್ನೂ ತರಲು ನಾನೇ ಹೇಳಿದ್ದೆ, ಹೋಲಿಸಿ ನೋಡಲು ಬೇಕಲ್ಲ. ಫಲಿತಾಂಶ ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಹೀಗೆ ಬಂತು: ಅಜ್ಜಿಯ ಬಾವಿ 0.31. ಉಳಿದವು 0.14, 0.17, 0.06, 0.04. ಶಾಲೆಯ ಬಾವಿ 0.03.

ಕಥೆ ತಾನೇ ತಾನಾಗಿ ಹೊಂದಿಕೊಂಡಿತು. ತೋಟಕ್ಕೆ ಹತ್ತಿರ ಇರುವ ಬಾವಿಯಲ್ಲಿ ಜಾಸ್ತಿ, ದೂರ ಹೋದಂತೆ ಕಡಿಮೆ. 0.17 ಒಂದು ಸಾಲಿನಿಂದ ಆಚೆ ನಿಂತಿತ್ತು. ಅದನ್ನು ನಾನು ನೋಡಿಯೂ ನೋಡದ ಹಾಗೆ ಬಿಟ್ಟೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. 0.31 ಅಂದರೆ ವಿಷ ಅಲ್ಲ. ಕುಡಿಯುವ ನೀರಿನ ಭಾರತೀಯ ಮಾನಕ, ಅಂದರೆ 2012ರ ಐಎಸ್ 10500, ತಾಮ್ರಕ್ಕೆ ಎರಡು ಗೆರೆ ಹಾಕಿದೆ. ಇಷ್ಟರೊಳಗೆ ಇದ್ದರೆ ಒಳ್ಳೆಯದು ಅನ್ನುವುದು 0.05. ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ನಡೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಗೆರೆ 2. ಆದರೆ ನಮ್ಮ ರಿಪೋರ್ಟಿನ ನಮೂನೆ 0.05 ದಾಟಿದ್ದನ್ನೆಲ್ಲ ಕೆಂಪಕ್ಷರದಲ್ಲಿ ಅಚ್ಚು ಹಾಕುತ್ತದೆ. ಕೆಂಪು ಕಂಡ ಮೇಲೆ ಅಡಿಟಿಪ್ಪಣಿ ಯಾರು ಓದುತ್ತಾರೆ? ಅಜ್ಜಿಯ ಮನೆಯವರು ಅವತ್ತೇ ಬಾವಿ ನೀರು ಕುಡಿಯೋದು ಬಿಟ್ಟರು. ರಿಪೋರ್ಟಿನ ಫೋಟೋ ಮೇಲಿನ ತೋಟದವರ ಮೊಬೈಲಿಗೂ ಹೋಯಿತು.

ಎರಡು ದಿನಕ್ಕೆ ಅವರ ಫೋನ್. ದನಿ ಏರಿಸಲಿಲ್ಲ. "ಮೂವತ್ತು ವರ್ಷದಿಂದ ಬೋರ್ಡೋ ಹೊಡೆಸ್ತಿದ್ದೀನಿ. ನಮ್ಮ ಬಾವಿ ಇನ್ನೂ ಮೇಲಿದೆ, ಅದನ್ನೇ ನಾವು ಕುಡಿಯೋದು. ಇನ್ನೊಂದ್ಸಲ ತೆಗೀರಿ, ದುಡ್ಡು ನಾನು ಕೊಡ್ತೀನಿ." ಅಷ್ಟು ಹೊತ್ತಿಗೆ ತೋಟದೊಳಗಿಂದ ಅಜ್ಜಿಯ ಮನೆಗೆ ಇದ್ದ ಕಾಲುದಾರಿಯ ಗೇಟಿಗೆ ಬೀಗ ಬಿದ್ದಿತ್ತು. ಅದು ನನಗೆ ಗೊತ್ತಾಗಿದ್ದು ಆಮೇಲೆ.

ಎರಡನೇ ಸಲ ಹುಡುಗ ಹೋದಾಗ ಈ ಕಡೆಯ ರಸ್ತೆಗೆ ಮರ ಬಿದ್ದಿತ್ತು. ಸುತ್ತು ಹಾಕಿಕೊಂಡು ಶಾಲೆಯ ಕಡೆಯಿಂದ ಶುರು ಮಾಡಿ, ಕೊನೆಗೆ ಅಜ್ಜಿಯ ಮನೆಗೆ ಬಂದ. ಈ ಸಲ ಶಾಲೆಯ ಬಾವಿ 0.26. ಅಜ್ಜಿಯ ಬಾವಿ 0.04.

ಯಂತ್ರದ ಮುಂದೆ ನಾನು ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಶಾಲೆಯ ಮೇಲ್ಗಡೆ ಮೆಣಸಿನ ಒಂದು ಬಳ್ಳಿಯೂ ಇಲ್ಲ. ಇರೋದು ಆಟದ ಬಯಲು.

ಇಂಥ ಹೊತ್ತಿನಲ್ಲಿ ಲ್ಯಾಬಿನವರಿಗೆ ಮೊದಲು ಬರುವ ಯೋಚನೆ, ತಪ್ಪು ನಮ್ಮದಲ್ಲ ಅನ್ನೋದು. ಅದಕ್ಕೆ ಪುರಾವೆಯೂ ನನ್ನ ಹತ್ತಿರ ಇತ್ತು. ಯಂತ್ರಕ್ಕೆ ಕೊಟ್ಟ 0.50ರ ಪರೀಕ್ಷಾ ದ್ರಾವಣ 0.49 ಅಂತ ಓದಿತ್ತು. ಒಂದು ಸ್ಯಾಂಪಲ್‌ಗೆ ಗೊತ್ತಿರುವಷ್ಟು ತಾಮ್ರ ಸೇರಿಸಿ ನೋಡಿದರೆ ನೂರಕ್ಕೆ 97ರಷ್ಟು ವಾಪಸ್ ಸಿಕ್ಕಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಬ್ಲಾಂಕ್ ಸ್ವಚ್ಛವಾಗಿತ್ತು. ಎರಡೂ ದಿನ 0.01ಕ್ಕಿಂತ ಕಡಿಮೆ.

ಬ್ಲಾಂಕ್ ಅಂದರೆ ಏನು ಅಂತ ಕೇಳಿದವರಿಗೆ ನಾನು ಕಾಫಿ ಫಿಲ್ಟರ್ ತೋರಿಸುತ್ತೇನೆ. ಪುಡಿ ಹಾಕದೆ ಫಿಲ್ಟರಿಗೆ ಬರೀ ಬಿಸಿನೀರು ಹುಯ್ಯಿ. ಕೆಳಗೆ ಇಳಿದ ನೀರಿಗೆ ಬಣ್ಣ ಬಂದಿದೆಯಾ, ವಾಸನೆ ಇದೆಯಾ ನೋಡಿ. ಇದ್ದರೆ ಅದು ಇವತ್ತಿನ ಪುಡಿಯದಲ್ಲ, ನಿನ್ನೆಯದು. ಲ್ಯಾಬಿನಲ್ಲೂ ಅಷ್ಟೇ. ಹುಡುಕುತ್ತಿರುವ ವಸ್ತು ಇಲ್ಲದ ನೀರನ್ನು ತೆಗೆದುಕೊಂಡು, ಅದಕ್ಕೂ ಅದೇ ಆಸಿಡ್ ಹಾಕಿ, ಅದೇ ಬೀಕರಿನಲ್ಲಿ ಕಾಯಿಸಿ, ಅದೇ ಸೋಸುವ ಹಾಳೆಯಲ್ಲಿ ಸೋಸಿ, ಅದೇ ಯಂತ್ರಕ್ಕೆ ಕೊಡುತ್ತೇವೆ. ಏನಾದರೂ ಕಂಡರೆ ಅದು ನಮ್ಮ ಪಾತ್ರೆ, ನಮ್ಮ ಆಸಿಡ್, ನಮ್ಮ ಕೈಯಿಂದ ಬಂದದ್ದು. ಪ್ರತಿ ಕಂತಿಗೆ ಒಂದಾದರೂ, ಇಪ್ಪತ್ತು ಸ್ಯಾಂಪಲ್‌ಗೆ ಒಂದಾದರೂ ಬ್ಲಾಂಕ್ ಇರಬೇಕು ಅನ್ನೋದು ರೂಢಿ. ನಾವು ಅದನ್ನು ತಪ್ಪಿಸಿರಲಿಲ್ಲ.

ಆ ಬ್ಲಾಂಕ್ ಹುಟ್ಟಿದ್ದು ಮಾತ್ರ ನಮ್ಮ ಲ್ಯಾಬಿನ ಮೇಜಿನ ಮೇಲೆ. ಬಾವಿ, ಹಗ್ಗ, ಜೀಪು, ಮಳೆ ಯಾವುದನ್ನೂ ಅದು ನೋಡಿರಲಿಲ್ಲ. ಮೇಜಿನಿಂದ ಯಂತ್ರದವರೆಗಿನ ನಾಲ್ಕು ಹೆಜ್ಜೆಗೆ ಮಾತ್ರ ಅದರ ಸಾಕ್ಷಿ. ನಾನು ಅದನ್ನೇ ಬಾವಿಯಿಂದ ಹಿಡಿದು ಇಡೀ ದಾರಿಗೆ ಸಾಕ್ಷಿ ಅಂತ ನಂಬಿಕೊಂಡಿದ್ದೆ.

ಅವತ್ತು ಸಂಜೆ ಹುಡುಗನ ಫೀಲ್ಡ್ ಪುಸ್ತಕ ತಂದಿಟ್ಟುಕೊಂಡೆ. ಅವನ ಅಕ್ಷರ ಕೋಳಿ ಕೆದಕಿದ ಹಾಗೆ. ಆದರೆ ಪ್ರತಿ ಬಾಟಲಿಯ ಎದುರಿಗೂ ಗಂಟೆ ಬರೆಯುವ ಅಭ್ಯಾಸ ಅವನಿಗಿದೆ, ಅದಕ್ಕೆ ಅವನಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಬಾವಿಗಳ ಹೆಸರು ಬಿಟ್ಟು, ಗಂಟೆಯ ಪ್ರಕಾರ ಅಂಕಿಗಳನ್ನು ಜೋಡಿಸಿದೆ. ಮೊದಲ ದಿನ ಬೆಳಿಗ್ಗೆ ಎಂಟೂವರೆಗೆ 0.31, ಮಧ್ಯಾಹ್ನ ಒಂದಕ್ಕೆ 0.03. ಎರಡನೇ ದಿನ ಒಂಬತ್ತಕ್ಕೆ 0.26, ಎರಡು ಗಂಟೆಗೆ 0.04. ನಡುವೆ ಏರಿಳಿತ ಇತ್ತು. ಆದರೂ ಎರಡೂ ದಿನ ಮೊದಲ ಬಾಟಲಿಯೇ ಎಲ್ಲಕ್ಕಿಂತ ಜಾಸ್ತಿ. ತಾಮ್ರ ತೋಟದ ದೂರ ನೋಡಿ ಕಡಿಮೆ ಆಗುತ್ತಿರಲಿಲ್ಲ, ಗಡಿಯಾರ ನೋಡಿ ಕಡಿಮೆ ಆಗುತ್ತಿತ್ತು. ಏನೋ ಒಂದು ಬಾವಿಯಿಂದ ಬಾವಿಗೆ ತೊಳೆದುಕೊಂಡು ಹೋಗುತ್ತಿದೆ.

ಏನು? ಮೊದಲು ಅನುಮಾನ ಬಂದಿದ್ದು ಆಸಿಡ್ ಮೇಲೆ. ಲೋಹದ ಪರೀಕ್ಷೆಗೆ ನೀರು ತುಂಬಿದ ಕೂಡಲೇ ನೈಟ್ರಿಕ್ ಆಸಿಡ್ ಹಾಕಿ ಪಿಎಚ್ 2ಕ್ಕಿಂತ ಕೆಳಗೆ ಇಳಿಸುತ್ತೇವೆ, ಇಲ್ಲದಿದ್ದರೆ ಲೋಹ ಬಾಟಲಿಯ ಗೋಡೆಗೆ ಅಂಟಿಕೊಳ್ಳುತ್ತದೆ. ಆ ಡ್ರಾಪರ್ ಬಾಟಲಿ ಜೀಪಿನಲ್ಲೇ ಓಡಾಡುತ್ತದೆ. ಆದರೆ ಕೆಟ್ಟ ಆಸಿಡ್ ಎಲ್ಲಾ ಬಾಟಲಿಗೂ ಒಂದೇ ಸಮ ಕೆಡುಕು ಹಂಚುತ್ತದೆ, ಬೆಳಿಗ್ಗೆ ಜಾಸ್ತಿ ಮಧ್ಯಾಹ್ನ ಕಡಿಮೆ ಅಂತ ಭೇದ ಮಾಡಲ್ಲ. ಬಾಟಲಿಗಳು? ಹತ್ತು ಪರ್ಸೆಂಟ್ ನೈಟ್ರಿಕ್ ಆಸಿಡ್‌ನಲ್ಲಿ ರಾತ್ರಿಯಿಡೀ ನೆನೆಸಿ ತೊಳೆದವು. ಕೈಗೆ ಸಿಕ್ಕಿದ್ದನ್ನು ತೆಗೆದುಕೊಳ್ಳುತ್ತಾನೆ, ಅದರಲ್ಲಿ ಮೊದಲು ಕೊನೆ ಅಂತ ಏನಿಲ್ಲ. ಹಾಗಾದರೆ ಎಲ್ಲಾ ಬಾವಿಗೂ ಇಳಿಯುವ ವಸ್ತು ಯಾವುದು?

ಊಹೆಯ ಮೇಲೆ ಕೈ ಹಾಕುವುದು ಬೇಡ ಅಂತ ಮೂರು ಬ್ಲಾಂಕ್ ಜೋಡಿಸಿದೆ. ಮೊದಲನೆಯದನ್ನು ಲ್ಯಾಬಿನಲ್ಲೇ ತುಂಬಿ, ಮುಚ್ಚಳ ಬಿಗಿದು, ತೆರೆಯದೆ ಜೀಪಿನಲ್ಲಿ ಹೋಗಿ ಬರುವ ಹಾಗೆ ಮಾಡಿದೆ. ಪ್ರಯಾಣದ ಬ್ಲಾಂಕ್. ಎರಡನೆಯದನ್ನು ಬಾವಿಕಟ್ಟೆಯ ಮೇಲೆ ತೆರೆದು, ಇನ್ನೊಂದು ಬಾಟಲಿಗೆ ಸುರಿದು, ಅಲ್ಲಿನ ಆಸಿಡನ್ನೇ ಹಾಕುವುದು. ಫೀಲ್ಡ್ ಬ್ಲಾಂಕ್. ಅಜ್ಜಿ ನೋಡಿ ಪ್ರಶ್ನೆ ಕೇಳಿದ್ದು ಇದನ್ನೇ. ಮೂರನೆಯದರಲ್ಲಿ ಶುದ್ಧ ನೀರನ್ನು ನೀರು ಸೇದುವ ನಮ್ಮ ಕ್ಯಾನಿಗೆ ಹುಯ್ದು, ಕುಲುಕಿ, ಅಲ್ಲಿಂದ ಬಾಟಲಿಗೆ ತುಂಬುವುದು. ಉಪಕರಣದ ಬ್ಲಾಂಕ್. ಇದನ್ನು ದಿನದ ಮೊದಲ ಕೆಲಸವಾಗಿ, ಕ್ಯಾನ್ ಇನ್ನೂ ಯಾವ ಬಾವಿಗೂ ಇಳಿಯುವ ಮುಂಚೆ ಮಾಡಬೇಕು. ಈ ಸಲ ಹುಡುಗನ ಜೊತೆ ನಾನೇ ಹೋದೆ.

ಬ್ಲಾಂಕಿಗೆ ಬಳಸುವ ನೀರೇ ಕೆಟ್ಟಿದ್ದರೆ ಅಂತ ಕೇಳಬಹುದು. ನಮಗೆ ಒಮ್ಮೆ ಆಗಿದೆ. ನೀರು ಬಟ್ಟಿ ಇಳಿಸುವ ಹಳೇ ಯಂತ್ರದ ಲೋಹದ ಭಾಗ ಸವೆದು ತಾಮ್ರ ಬಿಡುತ್ತಿತ್ತು. ಆ ನೀರಿನಲ್ಲೇ ಯಂತ್ರದ ಸೊನ್ನೆ ಹಿಡಿದಿದ್ದೆವು. ಅಂದರೆ ಕೊಳೆಯನ್ನೇ ಸೊನ್ನೆ ಅಂದುಕೊಂಡಿದ್ದೆವು. ಅದರ ಸುಳಿವು ಸಿಕ್ಕಿದ್ದು ಸ್ಯಾಂಪಲ್‌ಗಳು ಮೈನಸ್ 0.02 ಅಂತ ಓದಿದಾಗ. ನೀರಿನಲ್ಲಿ ಸೊನ್ನೆಗಿಂತ ಕಡಿಮೆ ತಾಮ್ರ ಇರೋದು ಹೇಗೆ? ಆದರೆ ಮೈನಸ್ ಕಂಡ ಕೂಡಲೇ "ಪತ್ತೆಯಾಗಿಲ್ಲ" ಅಂತ ಬರೆದು ಮುಂದೆ ಹೋಗೋದು ಎಲ್ಲರ ಅಭ್ಯಾಸ. ಅವತ್ತಿನಿಂದ ನಾನು ಮೈನಸ್ ಅಂಕಿಗಳನ್ನು ಅಳಿಸಲ್ಲ.

ಮೂರು ಬಾಟಲಿಗಳ ಫಲಿತಾಂಶ ಮರುದಿನ ಬಂತು. ಪ್ರಯಾಣದ್ದು 0.01ಕ್ಕಿಂತ ಕಡಿಮೆ. ಫೀಲ್ಡಿನದೂ ಅಷ್ಟೇ. ಉಪಕರಣದ್ದು 0.22. ಅದೇ ಕ್ಯಾನಿಗೆ ಎರಡನೇ ಸಲ ಹುಯ್ದ ನೀರು 0.08, ಮೂರನೆಯದು 0.05.

ಕ್ಯಾನನ್ನು ಕಿಟಕಿ ಹತ್ತಿರ ತಂದು ಬೋರಲು ಹಾಕಿದೆ. ಐದು ಲೀಟರಿನ ಪ್ಲಾಸ್ಟಿಕ್ ಕ್ಯಾನ್, ಬಾಯಿ ಅಗಲಕ್ಕೆ ಕತ್ತರಿಸಿ ನೈಲಾನ್ ಹಗ್ಗ ಕಟ್ಟಿದ್ದು. ಬರೀ ಕ್ಯಾನ್ ಬಾವಿಯಲ್ಲಿ ತೇಲುತ್ತದೆ, ಮುಳುಗಲ್ಲ. ಅದಕ್ಕೇ ಒಳಗಡೆ ತಳದಲ್ಲಿ ಒಂದು ಭಾರ ಕಟ್ಟಿತ್ತು. ಅಂಗಡಿಯಲ್ಲಿ ತಕ್ಕಡಿಗೆ ಇಡುವ ಅರ್ಧ ಕೆಜಿಯ ಹಿತ್ತಾಳೆ ಬಟ್ಟು. ಮೇಲ್ಮೈ ಉಜ್ಜಿ ಉಜ್ಜಿ ಹೊಳೆಯುತ್ತಿತ್ತು. ಆದರೆ ಕೆತ್ತಿದ "500" ಅಂಕಿಯ ಸಂದಿಯಲ್ಲಿ, ಗುಂಡಿಯ ಬುಡದಲ್ಲಿ, ತಂತಿ ಸುತ್ತಿದ ಜಾಗದಲ್ಲಿ ಹಸಿರು ಕಿಲುಬು. ಬಿಳಿ ಸೋಸು ಹಾಳೆಯ ತುಂಡಿನಿಂದ ಒರೆಸಿದೆ. ಹಾಳೆಯ ಮೇಲೆ ಪಾಚಿ ಬಣ್ಣದ ಗೆರೆ ಮೂಡಿತು.

"ನಮ್ಮಪ್ಪನ ಅಂಗಡೀದು ಮೇಡಂ," ಅಂದ ಹುಡುಗ. ಅವನ ಮುಖ ಸಣ್ಣದಾಗಿತ್ತು. ಜೂನಿನಲ್ಲಿ ನಮ್ಮ ಸರಿಯಾದ ಸ್ಯಾಂಪ್ಲರ್ ಹಗ್ಗ ಹರಿದು ಒಂದು ಬಾವಿಗೆ ಬಿದ್ದುಹೋಗಿತ್ತು. ಹೊಸದು ಬರುವವರೆಗೆ ಕೆಲಸ ನಿಲ್ಲಬಾರದು ಅಂತ ಅವನೇ ಇದನ್ನು ಕಟ್ಟಿಕೊಂಡ. ನನಗೆ ತೋರಿಸಿದ್ದ ಕೂಡ. "ಬುದ್ಧಿವಂತ ಕಣೋ ನೀನು" ಅಂತ ಬೆನ್ನು ತಟ್ಟಿದ್ದು ನಾನೇ. ಹಾಗಾಗಿ ಇದರಲ್ಲಿ ಅವನ ಪಾಲು ಎಷ್ಟು, ನನ್ನ ಪಾಲು ಎಷ್ಟು ಅಂತ ಲೆಕ್ಕ ಹಾಕಬೇಕಿಲ್ಲ.

ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಈ ಭಾಗದ ತೆರೆದ ಬಾವಿ ನೀರು ಮೆದು, ಸ್ವಲ್ಪ ಹುಳಿ. ನಮಗೆ ಸಿಗುವ ಪಿಎಚ್ 6ರ ಆಸುಪಾಸು. ಒದ್ದೆ ಬಟ್ಟು ಚೀಲದಲ್ಲಿ ಎರಡು ಮೂರು ದಿನ ಕೂತರೆ, ಅದೂ ಕೊಡಗಿನ ಮಳೆಗಾಲದ ತೇವದಲ್ಲಿ, ಕಿಲುಬು ಹಿಡಿಯದೆ ಇರುತ್ತದೆಯೇ? ಬೆಳಿಗ್ಗೆ ಮೊದಲ ಬಾವಿಗೆ ಇಳಿದಾಗ ಆ ಕಿಲುಬಿನ ಪುಡಿ ಉದುರಿ ನೀರಿಗೆ ಸೇರುತ್ತದೆ, ಕಣ್ಣಿಗೆ ಕಾಣಲ್ಲ. ಬಾಟಲಿಗೆ ಬಿದ್ದ ಆಸಿಡ್ ಅದನ್ನು ಪೂರ್ತಿ ಕರಗಿಸಿಬಿಡುತ್ತದೆ. ಒಂದು ಚೂರು ಜಾಸ್ತಿ ಉದುರಿದ ಕಡೆ 0.17, ಕಡಿಮೆ ಉದುರಿದ ಕಡೆ 0.14. ಮಧ್ಯಾಹ್ನದ ಹೊತ್ತಿಗೆ ಬಟ್ಟು ತೊಳೆದುಹೋಗಿರುತ್ತದೆ. ಅಂದರೆ ತನಗೇ ಗೊತ್ತಿಲ್ಲದೆ ಹುಡುಗ ಅಜ್ಜಿಯ ಬಾವಿಯಲ್ಲಿ ನಮ್ಮ ಬಟ್ಟನ್ನು ತೊಳೆದುಕೊಂಡು ಬಂದಿದ್ದ.

ಹಳೆಯ ಬಾಟಲಿಗಳು ಇನ್ನೂ ಇದ್ದವು. ಆಸಿಡ್ ಹಾಕಿದ ನೀರನ್ನು ಲೋಹದ ಪರೀಕ್ಷೆಗೆ ಆರು ತಿಂಗಳವರೆಗೆ ಇಡಬಹುದು. ತೆಗೆದು ಸತು ನೋಡಿದೆ. ತಾಮ್ರ ಜಾಸ್ತಿ ಇದ್ದ ಕಡೆಯೆಲ್ಲ ಸತುವೂ ಜಾಸ್ತಿ. ಬೋರ್ಡೋದಲ್ಲಿ ಸತು ಇರಲ್ಲ, ಹಾಗಾಗಿ ಇದೇ ಕೊನೆಯ ಪುರಾವೆ ಅಂತ ನಮ್ಮ ಲ್ಯಾಬ್ ನಡೆಸುವ ಸರ್ ಖುಷಿಪಟ್ಟರು. ನನಗೆ ಅಷ್ಟು ಧೈರ್ಯ ಬರಲಿಲ್ಲ. ಕಾಫಿಗೆ ಜಿಂಕ್ ಸಲ್ಫೇಟ್ ಸಿಂಪಡಿಸುವವರು ಇದ್ದಾರೆ. ಸತು ಲೇಪದ ಜಿಐ ಪೈಪು ಎಲ್ಲಾ ಮನೆಯಲ್ಲೂ ಇದೆ. ಸತು ಒಂದು ಸುಳಿವು, ಅಷ್ಟೇ. ನನ್ನ ಮಟ್ಟಿಗೆ ಪ್ರಕರಣ ಮುಗಿದದ್ದು ಆ 0.22ರಲ್ಲಿ. ಅದರಲ್ಲಿ ಬಾವಿಯೇ ಇರಲಿಲ್ಲವಲ್ಲ.

ಆಮೇಲೆ ಸರ್ ಇನ್ನೊಂದು ದಾರಿ ಸೂಚಿಸಿದರು. "ಬ್ಲಾಂಕ್ 0.22 ಇದೆ ಅಲ್ವಾ, ಕಳೆದುಬಿಡಿ. 0.31ರಲ್ಲಿ 0.22 ಹೋದರೆ 0.09. ತಿದ್ದಿದ ರಿಪೋರ್ಟ್ ಕೊಡೋಣ, ಮತ್ತೆ ಜೀಪು ಓಡಿಸೋದು ಬೇಡ." ಡೀಸೆಲ್ ಖರ್ಚು ನೋಡಿದರೆ ಅವರ ಮಾತು ಅರ್ಥವಾಗುತ್ತದೆ. ಆದರೆ ಕಳೆಯೋಕೆ ಆ ಕೊಳೆ ಎಲ್ಲಾ ಬಾಟಲಿಯಲ್ಲೂ ಒಂದೇ ಸಮ ಇರಬೇಕು. ಇಲ್ಲಿ ಒಂದೇ ಬೆಳಿಗ್ಗೆ, ಒಂದೇ ಕ್ಯಾನಿನಲ್ಲಿ, 0.22 ಇದ್ದದ್ದು 0.08 ಆಗಿ 0.05 ಆಗಿದೆ. ಯಾವುದನ್ನು ಕಳೆಯುವುದು? ಬಟ್ಟಿ ಇಳಿಸಿದ ನೀರು ಹಿತ್ತಾಳೆಯನ್ನು ಬಾವಿ ನೀರಿನ ಹಾಗೇ ತಿನ್ನುತ್ತದೆ ಅನ್ನೋದಕ್ಕೂ ಖಾತ್ರಿ ಇಲ್ಲ. ಆಸಿಡ್‌ನಲ್ಲಿ ಇರುವ ಅಲ್ಪ ಸ್ವಲ್ಪ ತಾಮ್ರವನ್ನು ಕಳೆಯುವುದು ಬೇರೆ ಮಾತು, ಅದು ಅಳತೆಗೆ ಸಿಗುತ್ತದೆ, ಒಂದೇ ಸಮ ಇರುತ್ತದೆ. ಕಿಲುಬನ್ನು ಕಳೆಯೋಕೆ ಆಗಲ್ಲ. ಸರ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಹೋಗಿ ಬನ್ನಿ" ಅಂದರು.

ಈ ವಿಷಯದಲ್ಲಿ ನನಗೆ ಯಾವಾಗಲೂ ನೆನಪಾಗೋದು ಕ್ಲೇರ್ ಪ್ಯಾಟರ್ಸನ್. ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷ ಅಂತ 1956ರಲ್ಲಿ ಹೇಳಿದ ಅಮೆರಿಕದ ವಿಜ್ಞಾನಿ. ಅವರು ಅಳೆಯಬೇಕಾಗಿದ್ದು ಕಲ್ಲಿನೊಳಗಿನ ಚೂರುಪಾರು ಸೀಸ. ಆದರೆ ಲ್ಯಾಬಿನ ಗಾಳಿ, ಗಾಜು, ಆಸಿಡ್ ಎಲ್ಲದರಲ್ಲೂ ಸೀಸ. ಅವರು ಅದನ್ನು ಕಳೆದು ಕೂರಲಿಲ್ಲ, ಲ್ಯಾಬನ್ನೇ ತೊಳೆದರು, ವರ್ಷಗಟ್ಟಲೆ. ಈ ಸೀಸ ಎಲ್ಲಿಂದ ಬಂತು ಅಂತ ಬೆನ್ನು ಹತ್ತಿ ಹೋಗಿ, ಕೊನೆಗೆ ಪೆಟ್ರೋಲಿಗೆ ಸೀಸ ಬೆರೆಸುವುದರ ವಿರುದ್ಧ ನಿಂತರು.

ನಾವು ತೊಳೆಯಬೇಕಾಗಿದ್ದು ಒಂದು ಕ್ಯಾನ್. ಬಟ್ಟು ತೆಗೆದು, ಮರಳು ತುಂಬಿ ಮುಚ್ಚಳ ಸೀಲ್ ಮಾಡಿದ ಪ್ಲಾಸ್ಟಿಕ್ ಬಾಟಲಿಯನ್ನು ಹೊರಗಡೆ ಕಟ್ಟಿದೆವು. ಕ್ಯಾನ್ ಕೂಡ ಹೊಸದು. ಅದರ ಬ್ಲಾಂಕ್ 0.01ಕ್ಕಿಂತ ಕಡಿಮೆ ಬಂದ ಮೇಲೆ ಆರೂ ಬಾವಿಗೆ ಹೋದೆವು. ಐದರಲ್ಲಿ 0.01 ಕೂಡ ಇರಲಿಲ್ಲ. ಅಜ್ಜಿಯ ಬಾವಿಯಲ್ಲಿ 0.02. ಅದು ಬಾಳೆ ಎಲೆ ಮೇಲಿನ ಆ ನೀಲಿ ಚುಕ್ಕೆಗಳದೇ ಇರಬಹುದು. ಮಣ್ಣಿಗೆ ಬಿದ್ದ ತಾಮ್ರ ಬಹುಪಾಲು ಮೇಲ್ಮಣ್ಣಿನ ಗೊಬ್ಬರದ ಅಂಶಕ್ಕೆ ಅಂಟಿಕೊಂಡು ಅಲ್ಲೇ ಉಳಿಯುತ್ತದೆ, ಬಾವಿಯವರೆಗೆ ಇಳಿಯೋದು ಕಡಿಮೆ. ಆದರೆ ಒಂದು ಸಲದ ನೀರು ನೋಡಿ ತೋಟದವರಿಗೆ ಕ್ಲೀನ್ ಚಿಟ್ ಬರೆದುಕೊಡಲು ನಾನು ಒಪ್ಪಲಿಲ್ಲ. ಅವರು ಕೇಳಿದ್ದು ಅದನ್ನೇ.

ಜೂನಿನಿಂದ ಆ ಬಟ್ಟು ಇಳಿದ ಬಾವಿಗಳ ಪಟ್ಟಿ ಮಾಡಿದೆವು. ಬೋರ್‌ವೆಲ್‌ನವು, ನಲ್ಲಿಯವು ಬಚಾವ್, ಅವಕ್ಕೆ ಕ್ಯಾನ್ ಬೇಕಿರಲಿಲ್ಲ. ತೆರೆದ ಬಾವಿಯ ರಿಪೋರ್ಟ್‌ಗಳಲ್ಲಿ ತಾಮ್ರ, ಸತು ಇದ್ದವಕ್ಕೆಲ್ಲ ರದ್ದು ಪತ್ರ ಹೋಯಿತು. ಒಂದೊಂದಕ್ಕೂ ಫೋನ್ ಮಾಡಿ ಹೇಳುವುದು ನನ್ನ ಪಾಲಿಗೆ ಬಂತು. ಕೆಲವರು ಬೈದರು. ಒಬ್ಬರು "ಪರವಾಗಿಲ್ಲ, ನಾವು ಆ ರಿಪೋರ್ಟ್ ಓದೇ ಇಲ್ಲ" ಅಂದರು. ಯಾವುದು ಜಾಸ್ತಿ ನೋವಾಯಿತು ಅಂತ ಈಗಲೂ ಹೇಳಲಾರೆ.

ಅಜ್ಜಿಯ ಮನೆಗೆ ಪತ್ರ ಹಿಡಿದು ನಾನೇ ಹೋದೆ. ಗೇಟಿಗೆ ಬೀಗ ಇದ್ದಿದ್ದರಿಂದ ಗದ್ದೆ ಏರಿಯ ಮೇಲೆ ಸುತ್ತಿಕೊಂಡು ಹೋಗಬೇಕಾಯಿತು. ಅಜ್ಜಿ ಪತ್ರವನ್ನು ಮೊಮ್ಮಗನ ಕೈಗೆ ಕೊಟ್ಟು ಓದಿಸಿದರು. ಬಾವಿ ನೀರಿಗೆ ಏನೂ ತೊಂದರೆ ಇಲ್ಲ, ತಪ್ಪು ನಮ್ಮ ಕ್ಯಾನಿನದು ಅಂತ ನಾನೂ ಬಾಯಲ್ಲಿ ಹೇಳಿದೆ. ಅವರು ಜಗಲಿಯ ಮೂಲೆ ಕಡೆ ನೋಡಿದರು. ಅಲ್ಲಿ ನಾಲ್ಕು ನೀಲಿ ಕ್ಯಾನ್ ಸಾಲಾಗಿ ಇದ್ದವು. ಮೊಮ್ಮಗ ದಿನಾ ಸ್ಕೂಟರಿನಲ್ಲಿ ಪಂಚಾಯಿತಿ ನಲ್ಲಿಯಿಂದ ತುಂಬಿಕೊಂಡು ಬರುತ್ತಿದ್ದ ನೀರು.

"ಮೂರು ವಾರ," ಅಂದರು ಅಜ್ಜಿ. ಆಮೇಲೆ ಗೇಟಿನ ಕಡೆ ಕೈ ತೋರಿಸಿ, "ಇದೇ ಕಾಗದ ಅವರಿಗೂ ಒಂದು ಕೊಟ್ಟಿದ್ದೀಯಾ?" ಅಂತ ಕೇಳಿದರು.

ಕೊಟ್ಟಿದ್ದೇನೆ ಅಜ್ಜಿ, ಅಂದೆ. ಹೊರಡುವಾಗಲೂ ಗದ್ದೆ ಏರಿಯ ಮೇಲೆಯೇ ಸುತ್ತಿ ಬಂದೆ.